ಬೀಳಗಿಯ ಮಡ್ಡಿ ಯಾವ ಬಗೆಯ ನೆಲ? ಒಂದು ಗಾಯರಾಣದ ಪ್ರಕರಣ ಅಧ್ಯಯನ

ಬಾಗಲಕೋಟೆ ಜಿಲ್ಲೆ, ಬೀಳಗಿ ತಾಲ್ಲೂಕಿನ ಒಂದು ಊರು. ವಿಷಯ ಇನ್ನೂ ಪೂರ್ತಿ ಮುಗಿಯದಿರುವುದರಿಂದ ಊರಿನ ಹೆಸರು ಬರೆಯುತ್ತಿಲ್ಲ. ಊರಿನ ದಕ್ಷಿಣಕ್ಕೆ ಗಾಯರಾಣ ಮಡ್ಡಿ ಇದೆ, ಅಂದರೆ ಊರ ದನಕುರಿ ಮೇಯಲು ಬಿಟ್ಟ ಕಲ್ಲು ನೆಲ. ಗೇಣುದ್ದ ಕೆಂಪು ಮಣ್ಣು, ಅದರ ಕೆಳಗೆ ಕಲ್ಲು. ಅಲ್ಲೊಂದು ಇಲ್ಲೊಂದು ಜಾಲಿ ಗಿಡ, ಬಾರಿ ಕಂಟಿ. ಉಳಿದದ್ದೆಲ್ಲ ಹುಲ್ಲು. ಏಪ್ರಿಲ್‌ನಲ್ಲಿ ಹೋದವರಿಗೆ ಅಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಶ್ರಾವಣದಲ್ಲಿ ಹೋದವರು ಹಾಗೆ ಹೇಳುವುದಿಲ್ಲ.

ಈ ಮಡ್ಡಿಯಲ್ಲಿ ಸಸಿ ನೆಟ್ಟು ಕಾಡು ಬೆಳೆಸಬೇಕು ಎಂದು ಒಂದು ಯೋಜನೆ ಬಂತು. ತಂದವರ ಮನಸ್ಸು ಒಳ್ಳೆಯದೇ. ಬಿಸಿಲಿನ ಸೀಮೆಯಲ್ಲಿ ನೆರಳು ಬೇಕು ಎಂದು ಯಾರಿಗೆ ಅನ್ನಿಸುವುದಿಲ್ಲ? ಮಡ್ಡಿಯ ಒಂದು ಮಗ್ಗುಲಲ್ಲಿ ಜೆಸಿಬಿ ಬಂದು ಉದ್ದುದ್ದ ಕಾಲುವೆ ತೋಡಿತು. ಮಣ್ಣು ಒಂದು ಕಡೆ ಒಡ್ಡಿನಂತೆ ಬಿತ್ತು. ಆಗ ಕುರಿಗಾರರು ಪಂಚಾಯಿತಿಗೆ ಬಂದು ಕೂತರು. ಅವರ ಮಾತು ಒಂದೇ: ನಮ್ಮನ್ನು ಕೇಳದೆ ಹುಲ್ಲು ಕಿತ್ತಿದ್ದೀರಿ.

ಕಾಡು ಬೆಳೆಸುವುದು ಒಳ್ಳೆಯದಲ್ವಾ ಎಂದು ಅರ್ಧ ಊರು ಕೇಳಿತು. ಕುರಿ ಏನು ತಿನ್ನಬೇಕು ಎಂದು ಇನ್ನರ್ಧ ಕೇಳಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಇಲ್ಲಿಯ ಸಮಿತಿಯವರು ನನ್ನನ್ನು ಕರೆದರು. ನಾನು ಹತ್ತಿರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಈ ನೆಲ ಯಾವ ಬಗೆಯದು ಎಂದು ಒಂದು ಟಿಪ್ಪಣಿ ಬರೆದುಕೊಡಿ ಅಂದರು. ಆ ಟಿಪ್ಪಣಿಯನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಕಾಗದಗಳು ಏನು ಹೇಳುತ್ತವೆ

ಮೊದಲು ಪಹಣಿ ತೆಗೆಸಿದೆವು. ಅದರಲ್ಲಿ ಗಾಯರಾಣ ಎಂದಿದೆ, ಒಂದಿಷ್ಟು ಭಾಗ ಖರಾಬು ಎಂದಿದೆ. ಕಂದಾಯದ ಲೆಕ್ಕಕ್ಕೆ ಅಷ್ಟು ಸಾಕು. ಬೆಳೆ ಬರುತ್ತದೆಯೋ ಇಲ್ಲವೋ, ಶಿಸ್ತು, ಅಂದರೆ ಭೂಕಂದಾಯ, ಹಾಕಬೇಕೋ ಬೇಡವೋ ಎಂಬುದಷ್ಟೇ ಅದರ ಪ್ರಶ್ನೆ.

ಎರಡನೆಯದು ಕೇಂದ್ರ ಸರ್ಕಾರ ಹೊರತರುವ ಪಾಳುಭೂಮಿಯ ನಕಾಶೆ. 2019ರ ಆವೃತ್ತಿಯ ಪ್ರಕಾರ ದೇಶದ ನೆಲದಲ್ಲಿ ಸುಮಾರು ಶೇ. 17 ಪಾಳು. ಕುರುಚಲು ಕಂಟಿ ಇರುವ ಬಯಲೂ ಅದರಲ್ಲಿ ಸೇರುತ್ತದೆ. ನಮ್ಮ ಮಡ್ಡಿಯಂಥ ಜಾಗಗಳೆಲ್ಲ ಅಲ್ಲಿಗೇ ಹೋಗಿ ಬೀಳುತ್ತವೆ.

ಮೂರನೆಯದು ಅರಣ್ಯದ ಲೆಕ್ಕ. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಒಂದು ಹೆಕ್ಟೇರ್ ಅಥವಾ ಹೆಚ್ಚಿನ ಜಾಗದಲ್ಲಿ ಮರಗಳ ನೆತ್ತಿ ಶೇ. 10ಕ್ಕಿಂತ ಹೆಚ್ಚು ನೆಲ ಮುಚ್ಚಿದ್ದರೆ ಅದನ್ನು ಅರಣ್ಯ ಹೊದಿಕೆ ಎಂದು ಎಣಿಸುತ್ತಾರೆ. ನೆಟ್ಟ ಮರವಾದರೂ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಕುರುಚಲು. ಈ ಮಡ್ಡಿಯ ಹುಲ್ಲನ್ನೆಲ್ಲ ಕಿತ್ತು ಸುಬಾಬುಲ್, ಗ್ಲಿರಿಸಿಡಿಯಾದಂಥ ಹೊರಗಿನ ಮರ ತುಂಬಿಸಿದರೆ ಲೆಕ್ಕದ ಪುಸ್ತಕದಲ್ಲಿ ಅದು ಸುಧಾರಣೆಯಾಗಿ ಕಾಣುತ್ತದೆ. ನೆಲದ ಮೇಲೆ ಏನು ಹೋಯಿತು ಎಂದು ಕೇಳುವ ಕಾಲಂ ಅಲ್ಲಿ ಇಲ್ಲ. ನನಗೆ ನೋವಾಗುವುದು ಇಲ್ಲಿಯೇ.

ಕಾಡಿನ ಬಗೆಗಳನ್ನು ಗುರುತಿಸುವ ಹಳೆಯ ಪದ್ಧತಿಯೂ ಇದೆ. ಅರಣ್ಯ ಅಧಿಕಾರಿ ಚಾಂಪಿಯನ್ 1936ರಲ್ಲಿ ಮಾಡಿದ್ದನ್ನು ಸೇಠ್ ಜೊತೆ ಸೇರಿ 1968ರಲ್ಲಿ ಪರಿಷ್ಕರಿಸಿದರು. ಭಾರತದ ಕಾಡುಗಳನ್ನು 16 ಗುಂಪುಗಳಾಗಿ ಹಂಚಿದ ದೊಡ್ಡ ಕೆಲಸ ಅದು. ಆದರೆ ಹೊರಟದ್ದೇ ಕಾಡಿನಿಂದ. ಅದರ ಪ್ರಕಾರ ನಮ್ಮ ಕಡೆಯ ನೆಲ ಒಣ ಎಲೆಯುದುರುವ ಕಾಡು ಅಥವಾ ಮುಳ್ಳುಕಾಡು, ಇಲ್ಲವೇ ಅವು ಹಾಳಾಗಿ ಉಳಿದ ರೂಪ. ಹಾಳಾದದ್ದು ಎಂದು ಒಮ್ಮೆ ಬರೆದ ಮೇಲೆ ಮರ ನೆಟ್ಟು ಸರಿ ಮಾಡೋಣ ಎಂಬ ಯೋಚನೆ ತಾನಾಗಿ ಬರುತ್ತದೆ.

ಡೇವಿಡ್ ಕೀತ್ ಅವರ ಕೆಲಸ

ಇಲ್ಲಿ ನನಗೆ ನೆರವಾದದ್ದು ಆಸ್ಟ್ರೇಲಿಯಾದ ಸಸ್ಯ ಪರಿಸರ ವಿಜ್ಞಾನಿ ಡೇವಿಡ್ ಕೀತ್ ಅವರ ಸಂಶೋಧನೆ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಅವರ ಮುಂದಾಳತ್ವದಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ ಇಡೀ ಭೂಮಿಯ ಪರಿಸರ ವ್ಯವಸ್ಥೆಗಳಿಗೆ ಒಂದು ವರ್ಗೀಕರಣ ಕಟ್ಟಿದರು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, ಅದನ್ನು ತನ್ನದಾಗಿಸಿಕೊಂಡಿದೆ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದರ ವಿವರ ಬಂತು. ದೇಶದ ಪ್ರಕೃತಿ ಸಂಪತ್ತಿನ ಲೆಕ್ಕ ಇಡಲು ವಿಶ್ವಸಂಸ್ಥೆ 2021ರಲ್ಲಿ ಒಪ್ಪಿದ ಕ್ರಮವೂ ಇದೇ ವರ್ಗೀಕರಣವನ್ನು ಆಧಾರವಾಗಿ ಇಟ್ಟುಕೊಂಡಿದೆ.

ಈ ಪದ್ಧತಿಯಲ್ಲಿ ಆರು ಹಂತ. ಮೇಲಿನ ಮೂರು ಹಂತಗಳು ಆ ಜಾಗ ಹೇಗೆ ನಡೆಯುತ್ತದೆ ಎಂಬುದನ್ನು ನೋಡುತ್ತವೆ. ಅಲ್ಲಿ 25 ಬಯೋಮ್‌ಗಳು, ಅಂದರೆ ದೊಡ್ಡ ಜೀವವಲಯಗಳು, ಅವುಗಳ ಒಳಗೆ ಒಂದೇ ಥರ ನಡೆಯುವ ವ್ಯವಸ್ಥೆಗಳ 110 ಕಾರ್ಯಗುಂಪುಗಳು. ಕೆಳಗಿನ ಮೂರು ಹಂತಗಳು ಅಲ್ಲಿ ಯಾವ ಯಾವ ಜೀವಗಳಿವೆ ಎಂಬುದನ್ನು ನೋಡುತ್ತವೆ. ಆರನೇ ಹಂತದಲ್ಲಿ ಆಯಾ ದೇಶದವರು, ಆಯಾ ಸೀಮೆಯವರು ಈಗಾಗಲೇ ಮಾಡಿಕೊಂಡ ವಿಂಗಡಣೆಯನ್ನೇ ತಂದು ಕೂರಿಸಬಹುದು.

ನನಗೆ ಇಷ್ಟವಾದದ್ದು ಅದು ಕೇಳುವ ಪ್ರಶ್ನೆ. ಎಷ್ಟು ಮರ ಇವೆ ಎಂದು ಅದು ಶುರು ಮಾಡುವುದಿಲ್ಲ. ಈ ಜಾಗವನ್ನು ಹೀಗೆ ಇಟ್ಟಿರುವುದು ಏನು ಎಂದು ಕೇಳುತ್ತದೆ. ನೀರು, ಗೊಬ್ಬರದಂಶ, ಬೆಳಕು ಎಷ್ಟು ಸಿಗುತ್ತದೆ? ಬಿಸಿಲು, ಚಳಿ, ಮಣ್ಣು ಹೇಗಿದೆ? ಬೆಂಕಿ, ಬರ, ನೆರೆ ಎಷ್ಟು ಸಲ ಬರುತ್ತವೆ? ಯಾವ ಜೀವ ಯಾವುದನ್ನು ತಿನ್ನುತ್ತದೆ? ಮನುಷ್ಯ ಏನು ಮಾಡುತ್ತಿದ್ದಾನೆ? ಇವಿಷ್ಟಕ್ಕೆ ಉತ್ತರ ಹುಡುಕುತ್ತಾ ಮಡ್ಡಿಯ ಮೇಲೆ ಓಡಾಡಿದರೆ ಹುಲ್ಲಿಗೆ, ಕುರಿಗೆ, ಕಲ್ಲಿಗೆ ಎಲ್ಲಕ್ಕೂ ಲೆಕ್ಕದಲ್ಲಿ ಜಾಗ ಸಿಗುತ್ತದೆ.

ಎರಡು ಮನೆಗಳ ನಡುವೆ

ಹುಲ್ಲು ಜಾಸ್ತಿ, ಮರ ಕಡಿಮೆ ಇರುವ ಬೆಚ್ಚನೆಯ ಸೀಮೆ ಈ ಪದ್ಧತಿಯಲ್ಲಿ ಟಿ4 ಎಂಬ ಬಯೋಮ್‌ಗೆ ಸೇರುತ್ತದೆ. ಅದು ಸವನ್ನಾ ಮತ್ತು ಹುಲ್ಲುಗಾವಲು. ಅದರೊಳಗೆ ಟಿ4.1 ಎಂದರೆ ಮೇಯುವ ಪ್ರಾಣಿಗಳು ರೂಪಿಸಿದ ಸವನ್ನಾ, ಟಿ4.2 ಎಂದರೆ ಮುಖ್ಯವಾಗಿ ಬೆಂಕಿ ರೂಪಿಸಿದ ಸವನ್ನಾ. ಆದರೆ ಟಿ7 ಎಂಬ ಇನ್ನೊಂದು ಬಯೋಮ್ ಇದೆ. ಮನುಷ್ಯ ಬಳಸಿ ಬದಲಿಸಿದ ನೆಲಗಳೆಲ್ಲ ಅಲ್ಲಿ. ಬೆಳೆಯ ಹೊಲ ಟಿ7.1, ನೆಡುತೋಪು ಟಿ7.3. ಕಾಡು ಕಡಿದ ಮೇಲೆ ಉಳಿದ ಮೇವುಗಾವಲು, ಬಿತ್ತುವುದು ಬಿಟ್ಟ ಹಳೇ ಹೊಲ ಇಂಥವು ಟಿ7.5.

ಈ ಪ್ರಕರಣದ ಗಂಟು ಇರುವುದು ಇಲ್ಲಿ. ನಮ್ಮ ಮಡ್ಡಿ ಟಿ4ರದ್ದೋ, ಟಿ7.5ರದ್ದೋ? ಕಾಡು ಕಡಿದು ಆದದ್ದಾದರೆ ಮರ ನೆಡುವವರ ವಾದಕ್ಕೆ ಅರ್ಥವಿದೆ. ಮೊದಲಿನಿಂದ ಹುಲ್ಲಿನ ಸೀಮೆಯಾದರೆ ಮರ ತುಂಬಿಸುವುದು ಎಂದರೆ ಟಿ4ನ್ನು ಕೆಡಿಸಿ ಟಿ7.3 ಮಾಡಿದಂತೆ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ. ಹತ್ತಿರ ಹೋಗಿ ನೋಡಲೇಬೇಕು.

ಹುಲ್ಲಿನ ಸಾಕ್ಷಿ

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಜಯಶ್ರೀ ರತ್ನಂ ಮತ್ತು ಸಂಗಡಿಗರು 2011ರಲ್ಲಿ ಒಂದು ಮುಖ್ಯ ಮಾತು ಹೇಳಿದರು. ಸವನ್ನಾ ಯಾವುದು, ಕಾಡು ಯಾವುದು ಎಂದು ತೀರ್ಮಾನಿಸಲು ಮರದ ಸಂಖ್ಯೆ ನೋಡಿದರೆ ಸಾಲದು, ನೆಲದ ಮೇಲೆ ಸಿ4 ಹುಲ್ಲು ಇದೆಯೇ ನೋಡಿ ಎಂದರು. ಸಿ4 ಎಂದರೆ ಬಿಸಿಲು ಮತ್ತು ಸೆಕೆಗೆ ಒಗ್ಗಿದ ಆಹಾರ ತಯಾರಿಕೆಯ ಕ್ರಮ. ನಮ್ಮ ಜೋಳ, ಸಜ್ಜೆ, ಕಬ್ಬು ಕೂಡ ಸಿ4 ಗಿಡಗಳೇ. ಈ ಹುಲ್ಲುಗಳಿಗೆ ನೆರಳು ಆಗಿಬರುವುದಿಲ್ಲ. ಮೇಲೆ ಮರದ ನೆತ್ತಿ ಕೂಡಿಕೊಂಡರೆ ಕೆಳಗೆ ಅವು ಸೊರಗುತ್ತವೆ.

ಮಡ್ಡಿಯ ಮೇಲೆ ಎಲ್ಲೆಲ್ಲೂ ಇರುವುದು ಊಬಿನ ಹುಲ್ಲು. ಸಸ್ಯಶಾಸ್ತ್ರದಲ್ಲಿ ಹೆಟೆರೊಪೋಗಾನ್ ಕಂಟಾರ್ಟಸ್. ದಸರೆಯ ಹೊತ್ತಿಗೆ ಅಲ್ಲಿ ನಡೆದರೆ ಪ್ಯಾಂಟಿನ ತುಂಬ ಚುಚ್ಚಿಕೊಳ್ಳುತ್ತದೆ. ಒಂದು ಬೀಜ ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಬುಡ ಸೂಜಿಯಂತೆ ಚೂಪು, ಅದರ ಸುತ್ತ ಹಿಂದಕ್ಕೆ ಬಾಗಿದ ಗಟ್ಟಿ ಕೂದಲು. ಹಿಂದೆ ಬೆರಳುದ್ದದ ಕಂದು ಊಬು, ಹಗ್ಗದಂತೆ ಹೊಸೆದುಕೊಂಡಿದೆ. ಅದರ ಮೇಲೆ ಒಂದು ಹನಿ ನೀರು ಬಿಡಿ. ಊಬು ಮೆಲ್ಲಗೆ ಬಿಚ್ಚಿಕೊಳ್ಳುತ್ತಾ ತಿರುಗತೊಡಗುತ್ತದೆ. ಒಣಗಿದಾಗ ಮತ್ತೆ ಹೊಸೆದುಕೊಳ್ಳುತ್ತದೆ. ಇಬ್ಬನಿ ಬಿದ್ದು ಬಿಸಿಲು ಬಂದಂತೆಲ್ಲ ಹೀಗೆ ತಿರುಗಿ ತಿರುಗಿ ಬೀಜ ತಾನೇ ಮಣ್ಣಿನೊಳಗೆ ಕೊರೆದುಕೊಂಡು ಹೋಗುತ್ತದೆ. ಹಿಂದಕ್ಕೆ ಬಾಗಿದ ಕೂದಲು ಇರುವುದರಿಂದ ಹೊರಗೆ ಬರುವುದಿಲ್ಲ. ಮೇಲೆ ಬೆಂಕಿ ಹಾದು ಹೋದರೂ ಒಳಗಿನ ಬೀಜ ಉಳಿಯುತ್ತದೆ. ನನ್ನ ವಿದ್ಯಾರ್ಥಿಗಳು ಇದನ್ನು ನೋಡಿ ಸುಮ್ನೆ ನಿಂತುಬಿಟ್ಟರು. ಬಯಲು, ಬಿಸಿಲು, ಬೆಂಕಿಯ ಜೊತೆ ಬಾಳುವ ಗಿಡಕ್ಕೆ ಇಂಥ ಏರ್ಪಾಡು ಒದಗಿ ಬರುತ್ತದೆ.

ಒಂದು ಹುಲ್ಲಿನ ಮಾತಿನಿಂದ ತೀರ್ಮಾನ ಮಾಡಲಾಗದು. ಈ ಹುಲ್ಲು ಬೇರೆ ಕಡೆಯೂ ಬೆಳೆಯುತ್ತದೆ. ಅದಕ್ಕೇ ಪಿವಿಸಿ ಪೈಪಿನಿಂದ ಒಂದು ಮೀಟರ್ ಚೌಕ ಮಾಡಿಕೊಂಡು ಮಡ್ಡಿಯ ಬೇರೆ ಬೇರೆ ಕಡೆ ಇಟ್ಟು, ಒಳಗಿರುವ ಗಿಡಗಳನ್ನು ಬರೆದುಕೊಂಡೆವು. ತೋಡದ ಭಾಗದಲ್ಲಿ ಬುಡ ಗಟ್ಟಿಯಾಗಿ ವರ್ಷ ವರ್ಷ ಚಿಗುರುವ ಹುಲ್ಲುಗಳೇ ಹೆಚ್ಚು. ಅವುಗಳ ನಡುವೆ ಮಳೆ ಬಿದ್ದಾಗ ಮಾತ್ರ ಮುಖ ತೋರಿಸುವ ಗಡ್ಡೆಯ ಗಿಡಗಳು, ನೆಲಕ್ಕೆ ಅಂಟಿ ಹಬ್ಬುವ ಹೂಬಳ್ಳಿಗಳು. ಬಿತ್ತುವುದು ಬಿಟ್ಟ ಹಳೇ ಹೊಲಗಳು ಪಕ್ಕದಲ್ಲೇ ಇವೆ. ಅಲ್ಲಿ ಈ ಸಂಗಾತಿಗಳು ಕಾಣಲಿಲ್ಲ. ಒಂದು ವರ್ಷ ಬಾಳುವ ಕಳೆ, ಪಾರ್ಥೇನಿಯಂ ಮತ್ತು ಬಳ್ಳಾರಿ ಜಾಲಿಯೇ ತುಂಬಿದ್ದವು. ಟಿ7.5 ಹೇಗಿರುತ್ತದೆ ಎಂದು ನೋಡಬೇಕಾದರೆ ಅವು ಒಳ್ಳೆಯ ಉದಾಹರಣೆ. ಮಡ್ಡಿ ಹಾಗಿಲ್ಲ.

ಪ್ರಾಣಿ ಪಕ್ಷಿಗಳೂ ಅದನ್ನೇ ಹೇಳುತ್ತವೆ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ನಡುವೆ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಇದೆ, ಸುಮಾರು 96 ಚದರ ಕಿ.ಮೀ. ಚಿಂಕಾರ ಜಿಂಕೆಯಂಥ ಸಣ್ಣ ಪ್ರಾಣಿ, ಬಯಲಿನ ಜೀವ. ದಟ್ಟ ಕಾಡಿಗೆ ಅದು ಹೋಗುವುದಿಲ್ಲ. ದೂರದವರೆಗೆ ಕಣ್ಣು ಹಾಯಬೇಕು, ಓಡಲು ಜಾಗ ಬೇಕು. ನೀರು ಕಡಿಮೆ ಇದ್ದರೂ ಮೇವಿನ ತೇವದಲ್ಲೇ ದಿನ ದೂಡುತ್ತದೆ. ತೋಳ, ನರಿ, ಕತ್ತೆಕಿರುಬ ಕೂಡ ಈ ಸೀಮೆಯವು. ನಮ್ಮ ಮಡ್ಡಿ ಧಾಮದ ಹೊರಗಿದೆ, ನಿಜ. ಆದರೆ ತೋಳಕ್ಕೆ ಧಾಮದ ಗಡಿಕಲ್ಲು ಗೊತ್ತಿಲ್ಲ. ಕುರಿ ಹಿಂಡು ಎಲ್ಲಿರುತ್ತದೋ ಅದರ ಅಂಚಿನಲ್ಲಿ ಅದೂ ಇರುತ್ತದೆ.

ನೆಲಗುಬ್ಬಿಯ ಗೂಡನ್ನು ತೋರಿಸಿದ್ದು ಕುರಿ ಕಾಯುವ ಹುಡುಗಿ. ಹುಲ್ಲಿನ ಬುಡದ ಪಕ್ಕ ನೆಲದಲ್ಲೇ ಒಂದು ಸಣ್ಣ ಗುಳಿ. ಅಂಚಿಗೆ ಕಲ್ಲಿನ ಹರಳು ಜೋಡಿಸಿತ್ತು. ಒಳಗೆ ಎರಡು ಮೊಟ್ಟೆ, ಮಣ್ಣಿನದೇ ಬಣ್ಣ. ಜೆಸಿಬಿಯ ಕಾಲುವೆ ಅಲ್ಲಿಂದ ಹೆಚ್ಚು ದೂರವಿರಲಿಲ್ಲ. ಅಂಥ ಗೂಡುಗಳು ಆ ಕಾಲುವೆಯ ಜಾಗದಲ್ಲಿ ಇದ್ದವೋ ಇಲ್ಲವೋ, ತೋಡುವ ಮುನ್ನ ಯಾರೂ ನೋಡಿರಲಿಲ್ಲ.

ಎಷ್ಟು ಹಳೆಯ ಬಯಲು?

ಇದಕ್ಕೆ ನೇರ ಪುರಾವೆ ಬೇಕೆಂದರೆ ಮಣ್ಣಿನ ಪದರ ಪರೀಕ್ಷಿಸಬೇಕು. ಅದು ನಮ್ಮ ಕೈಯಲ್ಲಿ ಆಗುವುದಲ್ಲ. ಆದರೆ ಸುಳಿವುಗಳಿವೆ. ಉಪಖಂಡದ ಉತ್ತರದಲ್ಲಿ, ಶಿವಾಲಿಕ್ ಬೆಟ್ಟಗಳ ಹಳೆಯ ಮಣ್ಣಿನಲ್ಲಿ, ಸಿ4 ಹುಲ್ಲುಗಳು ಸುಮಾರು 70–80 ಲಕ್ಷ ವರ್ಷಗಳ ಹಿಂದೆಯೇ ಹರಡಿದ ಗುರುತಿದೆ. ಅಂದರೆ ಬೇಸಾಯಕ್ಕಿಂತ, ಮನುಷ್ಯನಿಗಿಂತ ಎಷ್ಟೋ ಮೊದಲು. ನಮಗೆ ಹತ್ತಿರದ್ದು ಬೇಕೆಂದರೆ ಪಕ್ಕದ ಮಹಾರಾಷ್ಟ್ರದ ಕೆಲಸ ನೋಡಬಹುದು. ಆಶಿಶ್ ನೆರ್ಲೇಕರ್ ಮತ್ತು ದಿಗ್ವಿಜಯ್ ಪಾಟೀಲ್ ಅವರು 13ನೇ ಶತಮಾನದಿಂದ ಈಚಿನ ಮರಾಠಿ ಸಾಹಿತ್ಯ, ಜನಪದ ಹಾಡು ಕಥೆಗಳಲ್ಲಿ ಬರುವ ಗಿಡಗಳನ್ನು ಹುಡುಕಿದರು. ಅಲ್ಲಿಯೂ ಬಯಲಿನ ಗಿಡಗಳೇ ಹೆಚ್ಚು ಸಿಕ್ಕವು. ಅದೇ ದಖ್ಖನ್ ಬಯಲು ನಮ್ಮ ಕಡೆಗೂ ಬಂದಿದೆ. ನಮ್ಮ ಡೊಳ್ಳಿನ ಪದ, ಹಾಲುಮತದ ಕಥೆಗಳನ್ನು ಹಿಡಿದು ಯಾರಾದರೂ ಕನ್ನಡದಲ್ಲಿ ಇಂಥ ಕೆಲಸ ಮಾಡಲಿ ಎಂದು ನನ್ನ ಆಸೆ.

ಪಕ್ಕದ ತಾಲ್ಲೂಕಿನ ಮುಧೋಳ ನಾಯಿಯನ್ನೂ ಇಲ್ಲಿ ನೆನೆಯಬಹುದು. ಉದ್ದ ಕಾಲು, ಸಪೂರ ಹೊಟ್ಟೆ, ಬೇಟೆಯನ್ನು ಕಣ್ಣಿನಿಂದ ನೋಡಿ ಬೆನ್ನಟ್ಟುವ ನಾಯಿ. ದಟ್ಟ ಕಾಡಿನಲ್ಲಿ ಅದರ ಓಟಕ್ಕೆ ಕೆಲಸವಿಲ್ಲ. ಇಂಥ ತಳಿಯನ್ನು ಜನ ತಲೆಮಾರುಗಳಿಂದ ಸಾಕಿ ಉಳಿಸಿಕೊಂಡಿರುವುದು ಬಯಲು ಇದ್ದುದರಿಂದಲೇ. ಇದೂ ಸುಳಿವು ಮಾತ್ರ, ಆದರೆ ಉಳಿದವುಗಳ ಜೊತೆ ಸೇರಿದಾಗ ಬಲ ಬರುತ್ತದೆ.

ಕುರಿಗಾರರ ವಿಂಗಡಣೆ

ಹಿರಿಯ ಕುರಿಗಾರರೊಬ್ಬರ ಜೊತೆ ಮಡ್ಡಿ ಸುತ್ತಿದೆ. ಕಾಲುವೆ ತೋಡಿದ ಕಡೆ ಬಂದಾಗ ಕೇಳಿದೆ:

“ಅಜ್ಜಾರ, ಇಲ್ಲಿ ಮರ ಬಂದ್ರ ಕುರಿಗೆ ನೆರಳಾಗ್ತದಲ್ರಿ?”

“ನೆರಳ ಬ್ಯಾಡ ಅನ್ನಂಗಿಲ್ರಿ ಸರ. ಆ ಜಾಲಿ ಗಿಡ ಸಾಕು. ಮಳಿಗಾಲದಾಗ ಎರಿ ಹೊಲದಾಗ ಬೆಳಿ ಇರತೈತಿ, ಕೆಸರ ಇರತೈತಿ. ಕೆಸರಾಗ ನಿಂತ್ರ ಕುರಿ ಗೊರಸ ಕೊಳಿತಾವ. ಆಗ ಈ ಮಡ್ಡಿ ಬಿಟ್ರ ಎಲ್ಲಿ ಹೋಗ್ಲಿ ಹೇಳ್ರಿ?”

ಇದರಲ್ಲಿ ಇಡೀ ಸೀಮೆಯ ಲೆಕ್ಕಾಚಾರ ಇದೆ. ಮಳೆಗಾಲದಲ್ಲಿ ಹಿಂಡು ಮಡ್ಡಿಯ ಮೇಲೆ. ಸುಗ್ಗಿ ಮುಗಿದ ಮೇಲೆ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲಗಳಿಗೆ ಇಳಿಯುತ್ತದೆ. ರೈತರು ಕರೆದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರ ಸಿಗುತ್ತದೆ. ಮಡ್ಡಿಗೆ ಆಗ ಬಿಡುವು. ಮಡ್ಡಿ ಹೋದರೆ ಮಳೆಗಾಲದ ಮೂರು ನಾಲ್ಕು ತಿಂಗಳು ಹಿಂಡಿಗೆ ಜಾಗವಿಲ್ಲ. ಹಿಂಡು ಹೋದರೆ ಎರಿಗೆ ಗೊಬ್ಬರವಿಲ್ಲ. ಹುಲ್ಲಿನ ನೆಲ ಒಂದು, ಹೊಲ ಒಂದು ಎಂದು ಬೇರೆ ಮಾಡಿ ಯೋಜನೆ ಹಾಕಿದರೆ ಈ ನಂಟು ಕಣ್ಣಿಗೆ ಬೀಳುವುದೇ ಇಲ್ಲ.

ಮಡ್ಡಿಯೊಳಗೇ ಅವರು ಮೂರು ಬಗೆ ತೋರಿಸಿದರು. ಕಲ್ಲು ಹಾಸಿದ ಎತ್ತರ, ಅಲ್ಲಿ ಮೊದಲ ಮಳೆಗೆ ಬೇಗ ಚಿಗುರುವ ಸಣ್ಣ ಹುಲ್ಲು. ನಡುವಿನ ಬಯಲು, ಅಲ್ಲಿ ಊಬಿನ ಹುಲ್ಲು. ಅದನ್ನು ಎಳೆಯದಾಗಿರುವಾಗಲೇ ಮೇಯಿಸಬೇಕು. ಬೀಜ ಕಟ್ಟಿದ ಮೇಲೆ ಹೋದರೆ ಊಬು ಉಣ್ಣೆಯೊಳಗೆ ಸೇರಿ ಚರ್ಮಕ್ಕೆ ಚುಚ್ಚುತ್ತದೆ. ಆಗ ಹಿಂಡು ಮೂರನೇ ಕಡೆ, ಹಳ್ಳದ ದಂಡೆಗೆ ಹೋಗುತ್ತದೆ. ಅಲ್ಲಿ ಹಸಿ ಹೆಚ್ಚು ದಿನ ಉಳಿಯುತ್ತದೆ. ಹುಲ್ಲಿಗೆ ಬೀಜ ಉದುರಿಸಲು ಬೇಕಾದ ಹೊತ್ತು ಇದರಿಂದಲೇ ಸಿಗುತ್ತದೆ. ನಾನು ಕೀತ್ ಅವರ ಪದ್ಧತಿಯ ಆರನೇ ಹಂತಕ್ಕೆ ಈ ಮೂರು ಬಗೆಯನ್ನೇ ಬರೆದೆ. ಇದಕ್ಕಿಂತ ಚೆನ್ನಾಗಿ ಆ ನೆಲವನ್ನು ವಿಂಗಡಿಸಿದವರು ಬೇರೆ ಇಲ್ಲ.

ಎಲ್ಲ ಸೇರಿಸಿ ನನ್ನ ತೀರ್ಮಾನ: ಇದು ಟಿ4.1ಕ್ಕೆ ಹತ್ತಿರ. ಮಳೆ ಕಡಿಮೆ, ಮೇಯುವಿಕೆಯೇ ಮುಖ್ಯ, ಬೆಂಕಿಯ ಪಾತ್ರ ಅದರ ನಂತರ. ಹಿಂದೆ ಕೃಷ್ಣಮೃಗ, ಚಿಂಕಾರಗಳು ಮಾಡುತ್ತಿದ್ದ ಕೆಲಸದ ದೊಡ್ಡ ಪಾಲನ್ನು ಈಗ ದಖ್ಖನಿ ಕುರಿಗಳು ಮಾಡುತ್ತಿವೆ. ಬಳ್ಳಾರಿ ಜಾಲಿ ಹೊಕ್ಕ ಅಂಚುಗಳನ್ನು ಮಾತ್ರ ಟಿ7.5 ಎಂದು ಬೇರೆ ಗುರುತು ಮಾಡಿದೆ.

ಅಪಾಯದ ಅಳತೆ

ಕೀತ್ ಅವರ ಇನ್ನೊಂದು ಕೆಲಸ ಪರಿಸರ ವ್ಯವಸ್ಥೆಗಳ ಕೆಂಪು ಪಟ್ಟಿ. ಹುಲಿ, ಎರೆಭೂತ ಹಕ್ಕಿಯಂಥ ಜೀವಗಳಿಗೆ ಅಳಿವಿನ ಅಪಾಯ ತೋರಿಸುವ ಕೆಂಪು ಪಟ್ಟಿ ಇರುವುದು ಎಲ್ಲರಿಗೂ ಗೊತ್ತು. ಇದು ಇಡೀ ವ್ಯವಸ್ಥೆಗೆ ಮಾಡುವ ಪಟ್ಟಿ. ಅದರ ಮಾನದಂಡಗಳನ್ನು ಐಯುಸಿಎನ್ 2014ರಲ್ಲಿ ಒಪ್ಪಿತು. ಹರವು ಎಷ್ಟು ಕುಗ್ಗಿದೆ, ಉಳಿದದ್ದು ಎಷ್ಟು ಸಣ್ಣದು, ಮಣ್ಣು ನೀರು ಎಷ್ಟು ಕೆಟ್ಟಿದೆ, ಜೀವಗಳ ನಡುವಿನ ನಂಟು ಎಷ್ಟು ಹರಿದಿದೆ, ಕುಸಿಯುವ ಸಾಧ್ಯತೆ ಎಷ್ಟು ಎಂದು ಐದು ಕಡೆಯಿಂದ ನೋಡುತ್ತದೆ. 50 ವರ್ಷದಲ್ಲಿ ಹರವು ಶೇ. 30 ಹೋಗಿದ್ದರೆ ಅಪಾಯದ ಮೊದಲ ಮೆಟ್ಟಿಲು, ಶೇ. 50ಕ್ಕೆ ಎರಡನೆಯದು, ಶೇ. 80ಕ್ಕೆ ಮೂರನೆಯದು. ಕೊನೆಗೆ ಕುಸಿದೇ ಹೋದದ್ದು. ಅದಕ್ಕೆ ಅವರು ಕೊಟ್ಟ ಉದಾಹರಣೆ ಮಧ್ಯ ಏಷ್ಯಾದ ಅರಲ್ ಸಮುದ್ರ.

ಈ ಅಳತೆಯನ್ನು ಒಂದು ಊರಿನ ಗಾಯರಾಣಕ್ಕೆ ಹಚ್ಚಬಾರದು. ಅದು ಒಂದು ಬಗೆಯ ಇಡೀ ಹರವಿಗೆ ಮಾಡಬೇಕಾದ ಲೆಕ್ಕ. ಆದರೆ ಪ್ರಶ್ನೆಗಳು ಉಪಯೋಗಕ್ಕೆ ಬಂದವು. ಕಾಲುವೆ, ಏತ ನೀರಾವರಿ ಬಂದ ಮೇಲೆ ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬು ಎಲ್ಲಿಯವರೆಗೆ ಹಬ್ಬಿದೆ ಎಂದು ನೋಡಿದವರಿಗೆ ಹುಲ್ಲು ಎಲ್ಲಿ ಹೋಯಿತು ಎಂದು ಹೇಳಬೇಕಾಗಿಲ್ಲ. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಅವರು ಉಪಗ್ರಹ ಚಿತ್ರಗಳಿಂದ ದೇಶದ ಅರೆ ಒಣ ಬಯಲುಗಳ ನಕಾಶೆ ಮಾಡಿದ್ದಾರೆ. ದೇಶದ ನೆಲದ ಸುಮಾರು ಶೇ. 10ರಷ್ಟು ಇಂಥ ಬಯಲು, ಅದರಲ್ಲಿ ಶೇ. 5ಕ್ಕಿಂತ ಕಡಿಮೆ ಭಾಗಕ್ಕೆ ಮಾತ್ರ ಧಾಮ, ರಾಷ್ಟ್ರೀಯ ಉದ್ಯಾನದ ರಕ್ಷಣೆ. ಪಶ್ಚಿಮ ಘಟ್ಟದ ಒಂದು ಮರ ಬಿದ್ದರೆ ಸುದ್ದಿಯಾಗುತ್ತದೆ, ಆಗಬೇಕು. ಬಯಲು ಹೋದರೂ ಅಷ್ಟೇ ಸುದ್ದಿಯಾಗಬೇಕು ಎಂದು ನಾನು ಕೇಳುತ್ತೇನೆ.

ಪಂಚಾಯಿತಿ ಏನು ಮಾಡಿತು

ಟಿಪ್ಪಣಿ ಓದಿದ ಮೇಲೆ ಸಭೆಯಲ್ಲಿ ಜೋರು ಮಾತಾಯಿತು. ಬಂದ ಸಸಿ ಏನು ಮಾಡೋದು ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಕೆರೆ ಏರಿಯ ಹಿಂದೆ, ಶಾಲೆಯ ಅಂಗಳ, ಸಂತೆ ಮೈದಾನ, ರಸ್ತೆಯ ಎರಡೂ ಕಡೆ ಜಾಗ ಇತ್ತು. ಬೇವು, ಹುಣಸೆ, ಹೊಂಗೆ ಅಲ್ಲಿಗೆ ಹೋದವು. ನೆರಳು ಬೇಕಾದದ್ದು ಜನ ಇರುವ ಕಡೆ ಅಲ್ವಾ?

ಮಡ್ಡಿಯಲ್ಲಿ ಹೊಸ ಕಾಲುವೆ ತೋಡುವುದಿಲ್ಲ ಎಂದು ತೀರ್ಮಾನವಾಯಿತು. ಅಂಚಿನ ಬಳ್ಳಾರಿ ಜಾಲಿಯನ್ನು ಬೇರು ಸಮೇತ ಕೀಳುವ ಕೆಲಸವನ್ನು ಉದ್ಯೋಗ ಖಾತರಿಯಲ್ಲಿ ಕೇಳುವುದು, ಊಬಿನ ಹುಲ್ಲು ಬೀಜ ಕಟ್ಟುವ ಹೊತ್ತಿಗೆ ನಡುವಿನ ಬಯಲನ್ನು ಬಿಡುವ ಕುರಿಗಾರರ ಪದ್ಧತಿಯನ್ನು ಎಲ್ಲ ಹಿಂಡಿನವರೂ ಪಾಲಿಸುವುದು ಎಂದೂ ಆಯಿತು. ಊರಿನ ಜೀವಸಂಪತ್ತನ್ನು ಸಮಿತಿ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಈ ಜಾಗವನ್ನು ಹುಲ್ಲುಗಾವಲು ಎಂದು, ಅದರ ಮೂರು ಬಗೆಗಳ ಸಮೇತ ಬರೆದಿದ್ದಾರೆ.

ತೋಡಿದ ಮಗ್ಗುಲು ಹಾಗೇ ಇದೆ. ಒಡ್ಡಿನ ಮೇಲೆ ಪಾರ್ಥೇನಿಯಂ ಬಂದಿದೆ. ಗಟ್ಟಿ ಬುಡದ ಹುಲ್ಲು ಒಮ್ಮೆ ಬೇರು ಸಮೇತ ಹೋದರೆ ತಿರುಗಿ ಬರಲು ಬಹಳ ಕಾಲ ಬೇಕು. ಕಾಲುವೆಗಳನ್ನು ಅದೇ ಮಣ್ಣಿನಿಂದ ಮುಚ್ಚಿ, ಪಕ್ಕದ ಬಯಲಿನಿಂದ ಹುಲ್ಲಿನ ಬೀಜ ತಂದು ಚೆಲ್ಲಿ ನೋಡುವುದು ಮುಂದಿನ ಮಳೆಗಾಲದ ಕೆಲಸ. ತೋಡಿದ ಕಡೆ, ತೋಡದ ಕಡೆ ಎರಡರಲ್ಲೂ ನಮ್ಮ ವಿದ್ಯಾರ್ಥಿಗಳು ಅದೇ ಮೀಟರ್ ಚೌಕ ಇಟ್ಟು ಪ್ರತಿ ವರ್ಷ ದಸರೆ ರಜೆಯಲ್ಲಿ ಗಿಡ ಬರೆದುಕೊಳ್ಳುತ್ತಾರೆ. ಪಹಣಿಯ ಕಾಲಂ ಮಾತ್ರ ಇನ್ನೂ ಮೊದಲಿನಂತೆಯೇ ಇದೆ. ಅದಕ್ಕೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ದಾಖಲಾತಿಯ ಪ್ರತಿ, ಗಿಡಗಳ ಪಟ್ಟಿ ಮತ್ತು ಕುರಿಗಾರರ ಸಹಿ ಇರುವ ಮನವಿಯನ್ನು ಅರ್ಜಿಯ ಜೊತೆ ಲಗತ್ತಿಸಲು ಸಮಿತಿ ಗೊತ್ತು ಮಾಡಿದೆ.